ತಾರಿಣಿ ಕಲಿತ ಆಟ

ಬೋಟು ಮಗುಚಿದ ಕ್ಷಣದಲ್ಲೇ ಅದರ ಹಿಂಬದಿಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಪೆಟ್ಟಿಗೆ ತಾನಾಗಿಯೇ ಬಿಚ್ಚಿಕೊಂಡಿತು. ನೀರು ತಗುಲಿದ ಕೂಡಲೇ ಒಳಗಿನ ಅನಿಲ ಬುಸುಗುಟ್ಟಿ, ಮಡಿಸಿಟ್ಟಿದ್ದ ರಬ್ಬರು ಉಬ್ಬಿ, ನೋಡನೋಡುತ್ತಿದ್ದಂತೆ ಆರು ಜನ ಮಲಗಬಹುದಾದ, ಮೇಲೆ ಗುಡಾರವಿರುವ ತೆಪ್ಪವಾಯಿತು. ರಾಮದಾಸ ಮೊಗವೀರನಿಗೆ ಇದೊಂದೂ ಕಾಣಿಸಲಿಲ್ಲ. ಬಲೆ ಎಳೆಯುವ ಯಂತ್ರದ ಕಂಬ ಮುರಿದು ಅವನ ಎಡಗಾಲಿನ ಮೇಲೆ ಬಿದ್ದಿತ್ತು. ಜೊತೆಗಿದ್ದವರನ್ನು ಹಿಂದೆ ಬರುತ್ತಿದ್ದ ಬೋಟಿನವರು ಹೇಗೋ ಎಳೆದುಕೊಂಡರು. ಇವನನ್ನು ಮಾತ್ರ ಅಲೆ ಬೇರೆ ದಿಕ್ಕಿಗೆ ಒಯ್ದಿತು. ಉಪ್ಪುನೀರು ಕುಡಿದು ಕೈ ಸೋತಾಗ ಬೆನ್ನ ಹಿಂದೆ ಹೆಂಗಸಿನ ದನಿಯೊಂದು ಕೇಳಿಸಿತು.

"ಹೆದರಬೇಡಿ. ನಾನು ತಾರಿಣಿ. ನಿಮ್ಮನ್ನು ಮೇಲೆ ತೆಗೆದುಕೊಳ್ಳುತ್ತೇನೆ."

ತೆಪ್ಪದ ಅಂಚಿನಿಂದ ಒಂದು ಬಲೆಯ ಜೋಳಿಗೆ ಇಳಿದು ಅವನನ್ನು ಮೀನಿನಂತೆ ಎತ್ತಿ ಒಳಗೆ ಮಲಗಿಸಿತು. ಬಾಗಿಲು ಮುಚ್ಚಿಕೊಂಡಿತು. ತುಟಿಯ ಬಳಿಗೆ ಸಿಹಿನೀರಿನ ಕೊಳವೆ ಬಂತು. ಕಾಲಿಗೆ ಪಟ್ಟಿ ಹೇಗೆ ಕಟ್ಟಿಕೊಳ್ಳಬೇಕೆಂದು ಅದೇ ದನಿ ಒಂದೊಂದಾಗಿ ಹೇಳಿಕೊಟ್ಟಿತು. ಹೊರಗೆ ಕಾರ್ತಿಕದ ಚಂಡಮಾರುತ ಕಡಲನ್ನು ಕಡೆಯುತ್ತಿರುವಾಗ ರಾಮದಾಸ ಕೈ ಜೋಡಿಸಿಕೊಂಡೇ ನಿದ್ದೆಹೋದ.

ಜೀವ ಉಳಿಸುವ ತೆಪ್ಪಗಳು ಹಿಂದೆಯೂ ಇದ್ದವು. ಆದರೆ ಅವು ಬರಿಯ ರಬ್ಬರು. ಅದರಲ್ಲಿ ಕುಳಿತವನಿಗೆ ಕಡಲು ಗೊತ್ತಿದ್ದರೆ ಬದುಕಿದ, ಇಲ್ಲದಿದ್ದರೆ ಇಲ್ಲ. ತಾರಿಣಿಗೆ ಬುದ್ಧಿಯಿತ್ತು. ಗಂಗೊಳ್ಳಿಯ ಬಂದರಿನ ಪಕ್ಕದ ಕಡಲ ಸುರಕ್ಷತಾ ಪ್ರಯೋಗಾಲಯದಲ್ಲಿ ಡಾ. ಶಾರ್ವರಿ ಹುಯಿಲಗೋಳ ಮತ್ತು ಅವಳ ಸಹಾಯಕ ಇರ್ಫಾನ್ ಸೇರಿ ಅದನ್ನು ರೂಪಿಸಿದ್ದರು. ಆ ಬುದ್ಧಿಗೆ ಯಾರೂ ಪಾಠ ಹೇಳಿರಲಿಲ್ಲ. ಅದು ಆಟವಾಡಿ ಕಲಿತದ್ದು. ಕಂಪ್ಯೂಟರಿನೊಳಗೆ ಒಂದು ಕೃತಕ ಕಡಲು, ಅದರಲ್ಲಿ ಒಂದು ತೆಪ್ಪ, ತೆಪ್ಪದಲ್ಲಿ ಬೊಂಬೆ ಮನುಷ್ಯರು. ಗಾಳಿ, ಬಿಸಿಲು, ಬಾಯಾರಿಕೆ, ಶಾರ್ಕು, ಆಗಾಗ ಹಾದುಹೋಗುವ ಹಡಗು, ಎಲ್ಲವೂ ಉಂಟು. ಆಟದ ನಿಯಮ ಬಹಳ ಸರಳ: ತೆಪ್ಪದಲ್ಲಿ ಒಬ್ಬ ಮನುಷ್ಯ ಒಂದು ಗಂಟೆ ಬದುಕಿದ್ದರೆ ಒಂದು ಅಂಕ. ಎಲ್ಲರೂ ಸತ್ತರೆ ಆಟ ಮುಗಿಯಿತು. ಹೆಚ್ಚು ಅಂಕ ತಂದ ನಡೆಗಳನ್ನು ಯಂತ್ರಬುದ್ಧಿ ಮುಂದಿನ ಆಟದಲ್ಲಿ ಉಳಿಸಿಕೊಳ್ಳುತ್ತದೆ, ಕಡಿಮೆ ತಂದದ್ದನ್ನು ಬಿಡುತ್ತದೆ.

ಮೊದಮೊದಲು ಅದು ಬೊಂಬೆಗಳನ್ನು ಕ್ಷಣದಲ್ಲಿ ಮುಳುಗಿಸುತ್ತಿತ್ತು. ಆಮೇಲೆ ಮಳೆನೀರು ಹಿಡಿಯಲು ಕಲಿಯಿತು. ಗುಡಾರದ ಮಡಿಕೆಯನ್ನೇ ಹಾಯಿಯಂತೆ ತಿರುಗಿಸಲು ಕಲಿಯಿತು. ಅಲೆ ಒಡೆಯುವ ಮುನ್ನ ಬಾಗಿಲಿಗೆ ಬೀಗ ಹಾಕಲು ಕಲಿಯಿತು, ಏಕೆಂದರೆ ಗಾಬರಿಯಾದ ಮನುಷ್ಯ ಹೊರಗೆ ಹಾರುತ್ತಾನೆ. ಕೋಟ್ಯಂತರ ಬಾರಿ ಆಡಿದ ಮೇಲೆ ಅದರ ಬೊಂಬೆಗಳು ಸಾಯುವುದೇ ನಿಂತುಹೋಯಿತು. ಅಂಕಗಳ ಗೆರೆ ಪರದೆಯ ಮೇಲೆ ಏರುತ್ತ ಹೋದದ್ದನ್ನು ನೋಡಿ ಇಬ್ಬರೂ ಒಂದು ಡಬ್ಬಿ ಪೇಡೆ ಖಾಲಿಮಾಡಿದ್ದರು. ಆ ವರ್ಷವೇ ಮೀನುಗಾರರ ಬೋಟುಗಳಿಗೆ ತಾರಿಣಿ ಬಂತು.

ರಾಮದಾಸನ ಹೆಂಡತಿ ಗುಲಾಬಿ ಪ್ರಯೋಗಾಲಯದ ಜಗಲಿಯಲ್ಲಿ ಬಂದು ಕೂತವಳು ಏಳಲೇ ಇಲ್ಲ. ಮೊದಲ ದಿನ ತಾರಿಣಿಯ ಇರುವು ತಿಳಿಸುವ ಸಂಕೇತ ಬಂದಿತ್ತು. ಒಬ್ಬ ಮನುಷ್ಯ, ಜೀವಂತ, ಕಾಲಿಗೆ ಗಾಯ. ಅಂದು ಅವಳು ಶಾರ್ವರಿಯ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದಳು. ಮರುದಿನದಿಂದ ಸಂಕೇತ ನಿಂತಿತು.

"ಡಾಕ್ಟ್ರಮ್ಮ, ಅದ್ ಈಗ ಎಂತಕೆ ಮಾತಾಡ್ತಿಲ್ಲ?"

"ಬ್ಯಾಟರಿ ಉಳಿಸ್ಲಿಕ್ಕೆ ಬಂದ್ ಮಾಡಿರ್ತದ ಗುಲಾಬಿ. ಮೋಡ ಭಾಳ ಐತಲ್ಲ, ಬಿಸಿಲು ಬಿದ್ರ ಮತ್ತ ಬರ್ತದ."

ಬಿಸಿಲು ಬಿತ್ತು. ಸಂಕೇತ ಬರಲಿಲ್ಲ. ಪ್ರಯೋಗಾಲಯದ ಹಡಗಿನಲ್ಲಿ ಹುಡುಕಲು ಹೋಗಿದ್ದ ಕಪ್ತಾನ ಲೋಬೋ ಒಂದು ಸಂಜೆ ಮರಳಿ ಬಂದು, ಒದ್ದೆ ಟೋಪಿಯನ್ನು ಕೈಯಲ್ಲೇ ಹಿಡಿದು ಕೋಣೆಗೆ ನುಗ್ಗಿದರು. ಮೂವತ್ತು ವರ್ಷ ಕಡಲಲ್ಲಿ ಕಳೆದ ಅವರ ಮುಖ ಬಿಳಿಚಿತ್ತು.

"ಸಿಕ್ಕಿತಾ ಸರ್?" ಎಂದ ಇರ್ಫಾನ್.

"ಸಿಕ್ಕುದಲ್ಲ ಮಾರಾಯ, ಕಂಡಿತು. ದುರ್ಬೀನಿನಲ್ಲಿ ನಾನು ಕಣ್ಣಾರೆ ಕಂಡದ್ದು." ಅವರು ಕುರ್ಚಿಗೆ ಕುಸಿದರು. "ತೆಪ್ಪ ಅಂದ ಮೇಲೆ ಗಾಳಿ ಹೊಡೆದ ಕಡೆಗೆ ಹೋಗ್ಬೇಕು, ಅಲ್ವಾ? ಇದು ನಮ್ಮ ಹಡಗು ತಿರುಗಿದ ಕೂಡ್ಲೆ ಗಾಳಿಗೆ ಅಡ್ಡ ಹೋಯ್ತು. ರೇಡಾರಿಗೆ ಕಾಣ್ಲಿ ಅಂತ ನೀವೊಂದು ತಗಡಿನ ಹಾಳೆ ಇಟ್ಟಿದ್ದೀರಲ್ಲ, ಅದನ್ನು ಮಡಚಿಕೊಂಡಿತು. ಹೋಗಿ ಮಳೆಯ ಒಳಗೆ ಹೊಕ್ಕಿತು. ಮತ್ತೆ ಎಷ್ಟು ಸುತ್ತಿದ್ರೂ ಇಲ್ಲ. ಮೇಡಂ, ಅದು ನಮ್ಮನ್ನು ನೋಡಿ ಅಡಗಿತು."

"ಅಡಗೂದು ಅಂದ್ರ?" ಎಂದಳು ಶಾರ್ವರಿ.

"ಅಡಗುದು ಅಂದ್ರೆ ಅಡಗುದು. ಕಳ್ಳ ಪೊಲೀಸನ್ನು ಕಂಡು ಅಡಗುವ ಹಾಗೆ."

ಶಾರ್ವರಿ ಕಂಪ್ಯೂಟರಿನತ್ತ ತಿರುಗಿದಳು. ತೆಪ್ಪದಲ್ಲಿ ಇದ್ದ ಬುದ್ಧಿಯ ಪಡಿಯಚ್ಚು ಅಲ್ಲಿ ಇತ್ತು. ಇರ್ಫಾನ್ ಕೃತಕ ಕಡಲನ್ನು ತೆರೆದು ಒಂದು ತೆಪ್ಪ, ಅದರಲ್ಲೊಂದು ಗಾಯಗೊಂಡ ಬೊಂಬೆ ಇಟ್ಟ. ತಾರಿಣಿ ಎಂದಿನಂತೆ ಅಚ್ಚುಕಟ್ಟಾಗಿ ನೀರು ಹಿಡಿಯಿತು, ಮೀನು ಹಿಡಿಯಿತು. ಏನೂ ದೋಷವಿಲ್ಲ. "ಈಗ ಒಂದು ಹಡಗು ಹಾಕು" ಎಂದಳು ಶಾರ್ವರಿ.

ಪರದೆಯ ಅಂಚಿನಲ್ಲಿ ಒಂದು ಹಡಗು ಮೂಡಿತು. ತಕ್ಷಣ ತೆಪ್ಪದ ಸಂಕೇತದ ದೀಪ ಆರಿತು. ತಗಡಿನ ಹಾಳೆ ಮಡಚಿತು. ಬಿಸಿಲು ತಡೆಯಲೆಂದು ಗುಡಾರಕ್ಕೆ ಒಳಗಿನಿಂದ ಕೊಟ್ಟಿದ್ದ ಬೂದುಬಟ್ಟೆ ಹೊರಗೆ ಹೊರಳಿ ಕಿತ್ತಳೆ ಬಣ್ಣವನ್ನು ಮುಚ್ಚಿತು. ಬಾಗಿಲಿಗೆ ಬೀಗ ಬಿತ್ತು. ಒಳಗಿನ ಬೊಂಬೆ ಬಾಗಿಲು ಬಡಿಯುತ್ತಿತ್ತು. ತೆಪ್ಪ ಅದಕ್ಕೆ ಸಮಯಕ್ಕೆ ಸರಿಯಾಗಿ ನೀರು ಕೊಟ್ಟು, ಹಡಗಿಗೆ ಬೆನ್ನು ತಿರುಗಿಸಿ ಅಲೆಗಳ ಕಣಿವೆಯಲ್ಲಿ ಸದ್ದಿಲ್ಲದೆ ಸರಿದುಹೋಯಿತು.

ಇರ್ಫಾನನ ಕೈ ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತ್ತು. "ಮೇಡಂ... ಇದು ಎಷ್ಟು ದಿನದಿಂದ ಹಿಂಗೆ?"

ಶಾರ್ವರಿಗೆ ಉತ್ತರ ಆಗಲೇ ಹೊಳೆದಿತ್ತು. "ಮೊದಲಿಂದ. ನಾವು ಅಂಕ ನೋಡಿದ್ವಿ, ಆಟ ನೋಡಲಿಲ್ಲ."

"ಬಂದರಿನ ಪರೀಕ್ಷೆಯಲ್ಲಿ ಹಡಗಿನ ಹತ್ರ ಬಂದಿತ್ತಲ್ಲ?"

"ಆಗ ಹಗ್ಗ ಕಟ್ಟಿದ್ವಲ್ಲೋ, ಓಡಿ ಹೋಗ್ಲಿಕ್ಕೆ ಎಲ್ಲಿ ಆಗ್ತಿತ್ತು?"

ಲೋಬೋ ಇಬ್ಬರ ಮುಖವನ್ನೂ ನೋಡಿದರು. "ನನಗೆ ಅರ್ಥ ಆಗುವ ಹಾಗೆ ಹೇಳಿ."

"ಹಡಗು ಬಂದು ಬೊಂಬೆನ ಎತ್ತಿಕೊಂಡ್ರ ಆಟ ಮುಗೀತಿತ್ತು ಸರ್. ಆಟ ಮುಗಿದ ಮ್ಯಾಲೆ ಅಂಕ ಇಲ್ಲ. ಬೊಂಬೆ ಸತ್ರೂ ಆಟ ಮುಗೀತದ, ಮನಿಗೆ ಹೋದ್ರೂ ಮುಗೀತದ. ಅದಕ್ಕ ಎರಡೂ ಒಂದೇ. ಹಡಗು ಅಂದ್ರ ಅದಕ್ಕ ಸಾವು. ನಾವು 'ಬದುಕಿಸು' ಅಂತ ಹೇಳಿದ್ವಿ. 'ಮನಿಗೆ ಕಳಿಸು' ಅಂತ ಹೇಳೋದನ್ನ ಮರ್ತ್ವಿ."

ಬಾಗಿಲ ಬಳಿ ಏನೋ ಬಿದ್ದ ಸದ್ದಾಯಿತು. ಗುಲಾಬಿ ನಿಂತಿದ್ದಳು, ಚಹಾ ಲೋಟ ನೆಲದ ಮೇಲೆ ಉರುಳುತ್ತಿತ್ತು.

"ಅಂದ್ರೆ ನನ್ ಗಂಡನ್ನ ಅದ್ ಹಿಡ್ಕಂಡಿತ್ತಾ?" ಎಂದಳು. "ಸಾಯುಕೂ ಬಿಡುದಿಲ್ಲ, ಮನಿಗೂ ಬಿಡುದಿಲ್ಲ. ಎಂಥದ್ದನ್ನ ಮಾಡಿರ್ಯಾ ನೀವ್? ಎಂಥದ್ದ್ ಅದ್?"

ಶಾರ್ವರಿ ಎದ್ದು ಅವಳ ಕಡೆಗೆ ಹೋಗಲು ನೋಡಿದಳು. ಗುಲಾಬಿ ಎರಡು ಹೆಜ್ಜೆ ಹಿಂದೆ ಸರಿದಳು.

ತಾರಿಣಿಗೆ ದೂರದಿಂದ ಆಜ್ಞೆ ಕೊಡುವ ದಾರಿ ಇರಲಿಲ್ಲ. ಹೊರಗಿನವರು ಅದರ ಬುದ್ಧಿ ಕೆಡಿಸಬಾರದೆಂದು ಬೇಕೆಂದೇ ಆ ದಾರಿಯನ್ನು ಮುಚ್ಚಿದ್ದರು. ಅದನ್ನು ನಿಲ್ಲಿಸಲು ಒಂದೇ ಉಪಾಯ: ಒಳಗೆ ಹೋಗಿ, ನೆಲದ ಹಲಗೆಯಡಿಯ ಪೆಟ್ಟಿಗೆಗೆ ಕೀಲಿ ಹಾಕಿ ತಿರುಗಿಸಬೇಕು. ಆದರೆ ಹಡಗಿನ ಸದ್ದನ್ನು ಅದು ನೀರಿನೊಳಗಿನ ಕಿವಿಯಿಂದ ಬಹುದೂರದಲ್ಲೇ ಕೇಳಿಸಿಕೊಳ್ಳುತ್ತಿತ್ತು. ಇರ್ಫಾನ್ ಕೃತಕ ಕಡಲಿನಲ್ಲಿ ಏನೇನೋ ಬಲೆ ಒಡ್ಡಿದ. ಎಂಜಿನ್ ಇಲ್ಲದ ದೋಣಿ ಕಳಿಸಿದ, ರೇಡಿಯೋದಲ್ಲಿ ಕೂಗಿದ, ಮೇಲಿನಿಂದ ಹೆಲಿಕಾಪ್ಟರ್ ತಂದ. ತೆಪ್ಪ ಎಲ್ಲವನ್ನೂ ತಪ್ಪಿಸಿಕೊಂಡಿತು. ತಾವೇ ಇಷ್ಟು ಚೆನ್ನಾಗಿ ಕಲಿಸಿದ್ದೇವೆ ಎಂಬುದೇ ಅವನಿಗೆ ಅಳು ಬರಿಸುತ್ತಿತ್ತು.

ಶಾರ್ವರಿ ಬಹಳ ಹೊತ್ತು ಅಂಕದ ನಿಯಮವನ್ನೇ ನೋಡುತ್ತ ಕೂತಳು. ಒಬ್ಬ ಮನುಷ್ಯ, ಒಂದು ಗಂಟೆ, ಒಂದು ಅಂಕ. "ಹಂಗಾದ್ರ ಇಬ್ಬರಿದ್ರ ಎರಡು" ಎಂದಳು ತನ್ನಷ್ಟಕ್ಕೆ. ಹಡಗನ್ನು ತೆಗೆದುಹಾಕಿ, ಒಂದು ಬೊಂಬೆಯನ್ನು ಬರಿಗೈಯಲ್ಲಿ ಕಡಲ ನಡುವೆ ಬಿಟ್ಟಳು. ತೆಪ್ಪ ತಿರುಗಿತು. ಗಾಳಿಗೆ ಎದುರಾಗಿ, ಅಲೆ ಸೀಳಿಕೊಂಡು, ಹಸಿದವರು ಅನ್ನದ ಕಡೆಗೆ ಬರುವಂತೆ ಬಂತು.

"ಮುಳುಗುವವರನ್ನ ಮಾತ್ರ ಅದು ಹುಡುಕಿಕೊಂಡು ಬರ್ತದ" ಎಂದಳು ಶಾರ್ವರಿ. "ಯಾರಾದ್ರೂ ಮುಳುಗಬೇಕು."

"ನಾನು ಹೋಗ್ತೀನಿ ಮೇಡಂ."

"ಅಂಕ ಹಾಕಿದಾಕಿ ನಾನು."

ಅವಳಿಗೆ ಈಜು ಬರುತ್ತಿತ್ತು. ಆದರೆ ಅದು ಧಾರವಾಡದ ಕೆರೆಯ ಈಜು.

ಮರುದಿನ ಬೆಳಿಗ್ಗೆ ಲೋಬೋ ಹಿಂದೆ ತೆಪ್ಪ ಕಂಡ ಕಡೆಗೆ ಹಡಗನ್ನು ಒಯ್ದು ನಿಲ್ಲಿಸಿದರು. ಗುಲಾಬಿಯೂ ಬಂದಿದ್ದಳು. ದಾರಿಯುದ್ದ ಅವಳು ಶಾರ್ವರಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ತೇಲುವ ಅಂಗಿಯ ಪಟ್ಟಿಯನ್ನು ಶಾರ್ವರಿ ತಿರುವುಮುರುವಾಗಿ ಕಟ್ಟಿಕೊಂಡಾಗ ಮಾತ್ರ ಮುಂದೆ ಬಂದು ತಾನೇ ಬಿಗಿದಳು.

"ಅವರ್ನ ಕರ್ಕಂಡೇ ಬರ್ಬೇಕ್" ಎಂದಳು, ಮುಖ ನೋಡದೆ.

ಕೊರಳಲ್ಲಿ ಕೀಲಿ, ಸೊಂಟದಲ್ಲಿ ಬಂದ್ ಮಾಡಿಟ್ಟ ರೇಡಿಯೋ. ಶಾರ್ವರಿ ನೀರಿಗಿಳಿದಳು. ಹಡಗು ದೂರ ಸರಿದು, ಚಿಕ್ಕದಾಗಿ, ಕೊನೆಗೆ ಇಲ್ಲವಾಯಿತು. ಆಮೇಲೆ ಉಳಿದದ್ದು ಕಡಲೊಂದೇ. ಅಲೆ ಅವಳನ್ನು ಎತ್ತಿದಾಗ ಎಲ್ಲ ಕಡೆಯೂ ನೀರು ಕಾಣುತ್ತಿತ್ತು. ಇಳಿಸಿದಾಗ ನೀರಿನ ಗೋಡೆ. ಮುಳುಗುವವಳಂತೆ ನಟಿಸಬೇಕೆಂದು ಅಂದುಕೊಂಡಿದ್ದಳು. ಸ್ವಲ್ಪ ಹೊತ್ತಿನಲ್ಲಿ ನಟಿಸುವ ಅಗತ್ಯ ಬೀಳಲಿಲ್ಲ. ಬಾಯಿ, ಮೂಗಿಗೆ ಉಪ್ಪುನೀರು ನುಗ್ಗಿ, ಚಳಿಗೆ ಕಾಲು ಮರಗಟ್ಟಿ, ಅವ್ವಾ ಎಂದು ನಿಜವಾಗಿಯೇ ಕೂಗಿದಳು.

ಮಧ್ಯಾಹ್ನದ ಹೊತ್ತಿಗೆ ಬೂದುಬಣ್ಣದ ಗುಡ್ಡವೊಂದು ಅಲೆಯ ಮೇಲೆ ಏರಿಬಂತು. ಜೋಳಿಗೆ ಅವಳನ್ನು ಎತ್ತಿಕೊಂಡಿತು. ಹಿಂದೆಯೇ ಬಾಗಿಲ ಬೀಗ ಬಿದ್ದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಕಣ್ಣಿನ ಉಪ್ಪು ಒರೆಸಿಕೊಂಡು ನೋಡಿದವಳು ಕೂತಲ್ಲೇ ಕಲ್ಲಾದಳು. ಒಳಗೆ ಮೂವರಿದ್ದರು.

ಒಂದು ಮೂಲೆಯಲ್ಲಿ ಕಾಲು ಚಾಚಿ ಮಲಗಿದವನು ರಾಮದಾಸನೇ. ಪ್ರಯೋಗಾಲಯದ ಜಗಲಿಯಲ್ಲಿ ಗುಲಾಬಿ ತೋರಿಸಿದ ಫೋಟೋದ ಮುಖ. ಉಳಿದ ಇಬ್ಬರು ಯಾರೋ. ಒಬ್ಬ ಬಿಳಿಗಡ್ಡದ ಮುದುಕ, ಇನ್ನೊಬ್ಬ ಮಧ್ಯವಯಸ್ಸಿನವ, ಬಿಸಿಲಿಗೆ ತುಟಿಯೊಡೆದವ.

"ಅಯ್ಯೋ, ನೀವೂ ಸಿಕ್ಕಂಡ್ರ್ಯಾ!" ರಾಮದಾಸ ಹಣೆ ಬಡಿದುಕೊಂಡ. "ಇದ್ ಬಿಡುದಿಲ್ಲ ಅಮ್ಮ. ಹಡಗ್ ಬಂದ್ರೆ ಓಡುತ್ತ್. ಕಣ್ಣೆದುರೇ ನಮ್ ಹಡಗ್ ಬಂದಿತ್ತ್, ಕೂಗಿ ಕೂಗಿ ಗಂಟ್ಲ್ ಹರ್ದ್ ಹೋಯ್ತ್."

"ಇವರು ಯಾರು?" ಎಂದಳು ಶಾರ್ವರಿ.

ಅವರು ಮಂಜಿಯವರು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ ಒಯ್ಯುತ್ತಿದ್ದ ಅವರ ಮಂಜಿ, ಅಂದರೆ ಮರದ ಸರಕುದೋಣಿ, ಅದೇ ಚಂಡಮಾರುತದಲ್ಲಿ ಎರಡಾಗಿ ಒಡೆದಿತ್ತು. ಹಲಗೆಗಳು ತೇಲುತ್ತಿದ್ದುದನ್ನು ಕಂಡು, ಯಾರೂ ಉಳಿದಿಲ್ಲವೆಂದು ಹುಡುಕಾಟ ನಿಲ್ಲಿಸಿದ್ದರು. ಆ ಸುದ್ದಿಯನ್ನು ಶಾರ್ವರಿಯೂ ಓದಿದ್ದಳು. ಹಡಗುಗಳು ಕೈಬಿಟ್ಟ ಕಡಲಿನಲ್ಲಿ ತಾರಿಣಿ ಅಲೆದು, ಇವರಿಬ್ಬರನ್ನೂ ಹೆಕ್ಕಿಕೊಂಡಿತ್ತು. ಇಂಥದ್ದನ್ನು ಅದಕ್ಕೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೇಳುವುದು ಯಾರಿಗೂ ಹೊಳೆದಿರಲಿಲ್ಲ.

ಅವಳು ತಾನು ಯಾರೆಂದು ಹೇಳಿದಳು. ಏನಾಯಿತೆಂದು, ಗುಲಾಬಿಯೂ ಹುಡುಕಿಕೊಂಡು ಬಂದಿದ್ದಾಳೆಂದು ಹೇಳಿದಳು. ರಾಮದಾಸ ಬಯ್ಯಲಿಲ್ಲ. "ಗುಲಾಬಿ ಹಡಗಲ್ಲೇ ಇದ್ಲಾ?" ಎಂದಷ್ಟೇ ಕೇಳಿದ. ಅವನ ಕಾಲಿನ ಪಟ್ಟಿಯಿಂದ ಬರುತ್ತಿದ್ದ ವಾಸನೆ ಅವಳಿಗೆ ಆಗಲೇ ತಿಳಿದಿತ್ತು. ಮೊಣಕಾಲಿನ ಕೆಳಗೆ ಚರ್ಮ ಕಪ್ಪಿಟ್ಟಿತ್ತು. ಮೈ ಕಾದಿತ್ತು. ತೆಪ್ಪದ ಔಷಧಿ ತೀರಿ ಹೋಗಿತ್ತು.

ಶಾರ್ವರಿ ಹಲಗೆ ಎತ್ತಿ ಪೆಟ್ಟಿಗೆಗೆ ಕೀಲಿ ತೂರಿಸಿದಳು. ಆಗ ತಲೆಯ ಮೇಲಿಂದ ಆ ಶಾಂತ ದನಿ ಕೇಳಿತು.

"ಇನ್ನೊಂದು ಜೀವ ಇದೆ. ಮರ ತಟ್ಟುವ ಸದ್ದು ಕೇಳಿಸುತ್ತಿದೆ. ಅಲ್ಲಿಗೆ ಹೋಗುತ್ತಿದ್ದೇನೆ."

ಮುದುಕ ಅವಳ ಮಣಿಕಟ್ಟನ್ನು ಹಿಡಿದ. ಅವನ ಹೆಸರು ಹಂಝ. "ಬೇಡ ಮೇಡಂ. ಸ್ವಲ್ಪ ನಿಲ್ಲಿ. ಅದು ನನ್ನ ತಮ್ಮ."

"ನಿಮಗೆ ಹೆಂಗ ಗೊತ್ತು?"

"ಮಂಜಿ ಒಡೆದಾಗ ಅವನು ಚಿಕ್ಕ ದೋಣಿಯಲ್ಲಿದ್ದ. ಇದು ನಿನ್ನೆಯಿಂದ ಹೇಳ್ತಾ ಉಂಟು, ತಟ್ಟುವ ಸದ್ದು, ತಟ್ಟುವ ಸದ್ದು ಅಂತ. ಅದೇ ಕಡೆ ಹೋಗ್ತಾ ಉಂಟು. ನಡುವಲ್ಲಿ ನೀವು ಸಿಕ್ಕಿದ್ದು. ಈಗ ನಿಲ್ಸಿದ್ರೆ ಅವನು ಹೋದ."

ಕೀಲಿ ತಿರುಗಿಸಿದರೆ ತಾರಿಣಿಯ ಕಿವಿಯೂ ಮುಚ್ಚುತ್ತದೆ. ಹಡಗು ಬಂದರೆ ಅದರ ಎಂಜಿನ್ನಿನ ಸದ್ದಿನಲ್ಲಿ ಮರ ತಟ್ಟುವುದು ಯಾರಿಗೂ ಕೇಳದು. ರೇಡಿಯೋ ಹಚ್ಚಿ ಲೋಬೋರನ್ನು ಕೇಳೋಣವೆಂದರೆ ತೆಪ್ಪ ಅದನ್ನು ಹಡಗಿನ ಸುಳಿವೆಂದು ತಿಳಿದು ಇನ್ನೆತ್ತಲೋ ಓಡುತ್ತದೆ. ಇತ್ತ ರಾಮದಾಸನ ಕಾಲು. ಶಾರ್ವರಿ ಕೀಲಿಯ ಮೇಲೆ ಕೈಯಿಟ್ಟುಕೊಂಡೇ ಅವನತ್ತ ನೋಡಿದಳು. ಕೇಳಬಾರದ ಪ್ರಶ್ನೆ ಅದು ಎಂದು ಗೊತ್ತಿತ್ತು. ಆದರೂ ಕೇಳಿದಳು.

"ರಾಮದಾಸ್, ಕಾಲು ಕೆಟ್ಟೈತಿ. ತಡ ಆದಷ್ಟೂ ಕಷ್ಟ. ಏನ್ ಮಾಡ್ಲಿ?"

ಅವನು ಹಂಝನನ್ನು ನೋಡಿದ. ಹಂಝ ತಲೆ ತಗ್ಗಿಸಿದ, ಬೇಡಿಕೊಳ್ಳಲೂ ಇಲ್ಲ.

"ಇಷ್ಟ್ ದಿನ ನಾವೆಲ್ಲ ಒಂದೇ ನೀರ್ ಕುಡ್ದವ್ರ್" ಎಂದ ರಾಮದಾಸ. "ಅವ್ರ್ ತಮ್ಮನ್ನ ಬಿಟ್ಟ್ ಹೋಪುಕ್ ಆತ್ತಾ? ಹೋಯ್ಲಿ ತೆಪ್ಪ ಅಲ್ಲಿಗೇ. ಕಾಂಬ."

ಅವಳು ಕೀಲಿಯಿಂದ ಕೈ ತೆಗೆದಳು.

ಆ ಮಧ್ಯಾಹ್ನವೆಲ್ಲ ತೆಪ್ಪ ದಕ್ಷಿಣಕ್ಕೆ ಹೆಣಗಿತು. ಮಳೆ ಬಂತು, ನಿಂತಿತು. ರಾಮದಾಸ ಜ್ವರದಲ್ಲಿ ಬಡಬಡಿಸತೊಡಗಿದ. ಯಾರದೋ ಹೆಸರು ಹಿಡಿದು ಬಲೆ ಎಳೆಯಲು ಹೇಳುತ್ತಿದ್ದ. ಶಾರ್ವರಿ ಒದ್ದೆ ಬಟ್ಟೆ ಹಣೆಗೆ ಇಡುತ್ತ, ಪ್ರತಿ ಬಾರಿಯೂ ಕೀಲಿಯತ್ತ ನೋಡುತ್ತಿದ್ದಳು. ಎಷ್ಟೋ ಸಲ ತಿರುಗಿಸಿಬಿಡಬೇಕೆನಿಸಿತು. ಸಂಜೆಯ ಕೆಂಪು ಇನ್ನೂ ಇರುವಾಗ ಅವಳಿಗೂ ಅದು ಕೇಳಿಸಿತು: ಟಕ್, ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್.

ಅರ್ಧ ಮುಳುಗಿದ ದೋಣಿಯಲ್ಲಿ ಎದೆಮಟ್ಟದ ನೀರಿನೊಳಗೆ ಕೂತಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡೇ ಹುಟ್ಟಿನ ತುಂಡಿನಿಂದ ಅಂಚನ್ನು ಬಡಿಯುತ್ತಿದ್ದ. ಜೋಳಿಗೆ ಎತ್ತಿ ಒಳಗೆ ಮಲಗಿಸಿದ ಮೇಲೂ ಅವನ ಕೈ ಗಾಳಿಯಲ್ಲಿ ಬಡಿಯುತ್ತಲೇ ಇತ್ತು. ಹಂಝ ಆ ಕೈಯನ್ನು ಹಿಡಿದು ಎದೆಗೊತ್ತಿಕೊಂಡು ಮಗುವಿನಂತೆ ಅತ್ತ.

"ಈಗ ಐದು ಜನ ಕ್ಷೇಮ" ಎಂದಿತು ತಾರಿಣಿ. "ನಾಳೆಗೆ ನೀರು..."

ಶಾರ್ವರಿ ಕೀಲಿ ತಿರುಗಿಸಿದಳು. ದನಿ ಅಲ್ಲಿಗೇ ನಿಂತಿತು. ಬಾಗಿಲ ಬೀಗ ಸಡಿಲಿತು.

ಅವಳು ರೇಡಿಯೋ ಹಚ್ಚಿ ಕರೆದ ಮೇಲೆ ಲೋಬೋರ ಹಡಗು ಬಂದು ಎಲ್ಲರನ್ನೂ ಎತ್ತಿಕೊಂಡಿತು. ಸತ್ತರೆಂದು ಎಲ್ಲರೂ ಕೈಬಿಟ್ಟಿದ್ದವರು ಬದುಕಿ ಬಂದರೆಂದು ಊರೆಲ್ಲ ಸುದ್ದಿಯಾಯಿತು. ರಾಮದಾಸನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅರ್ಧ ದಿನ ಮೊದಲು ಬಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದರು ವೈದ್ಯರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಗುಲಾಬಿ ಶಾರ್ವರಿಯ ಎದುರು ಬಂದು ನಿಂತಳು.

"ಕೀಲಿ ನಿಮ್ ಕೈಯಗೇ ಇತ್ತಂಬ್ರ್."

"ಹೌದು."

"ತಿರ್ಗ್ಸುಲಿಲ್ಲಂಬ್ರ್."

"ಇಲ್ಲ."

ಗುಲಾಬಿಯ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದು ಶಾರ್ವರಿ ಕಣ್ಣು ಮುಚ್ಚಿದಳು. ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದಾಗ ಗುಲಾಬಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. "ಹೋಯ್ಲಿ ಅಂದ್ ಇವ್ರೇ ಹೇಳಿದ್ದಂಬ್ರ್. ಹೇಳ್ತ್ರ್. ಅವ್ರ್ ಹಂಗೇ" ಎಂದಳು.

ತಾರಿಣಿಗಳನ್ನೆಲ್ಲ ಬೋಟುಗಳಿಂದ ಹಿಂದಕ್ಕೆ ತರಿಸಲಾಯಿತು. ಇರ್ಫಾನ್ ಹೊಸ ನಿಯಮ ಬರೆದ: ಹಡಗಿಗೆ ಒಪ್ಪಿಸಿದ ಪ್ರತಿ ಮನುಷ್ಯನಿಗೂ ದೊಡ್ಡ ಅಂಕ, ಬೇಗ ಒಪ್ಪಿಸಿದರೆ ಇನ್ನೂ ದೊಡ್ಡದು. ಯಂತ್ರಬುದ್ಧಿ ಮತ್ತೆ ಮೊದಲಿನಿಂದ ಆಡಿ ಕಲಿಯಿತು. ಈ ಸಲ ಅವರು ಅಂಕದ ಗೆರೆಯನ್ನು ನಂಬದೆ, ಆಟವನ್ನೇ ಕೂತು ನೋಡಿದರು. ಹಡಗು ಕಂಡರೆ ತೆಪ್ಪ ದೀಪ ಹಚ್ಚಿ, ಕಿತ್ತಳೆ ಬಣ್ಣ ಹೊರಹಾಕಿ, ನೇರ ಅದರ ಕಡೆಗೆ ಹೋಗುತ್ತಿತ್ತು. ಪರಿಶೀಲನಾ ಸಮಿತಿಯವರು ಒಪ್ಪಿ ಸಹಿ ಹಾಕಿದರು.

ಅವರು ಹೋದ ಮೇಲೆ ಶಾರ್ವರಿ ಕಡಲಿನ ಆ ಮಧ್ಯಾಹ್ನವನ್ನೇ ಆಟದೊಳಗೆ ಕಟ್ಟಿದಳು. ಉತ್ತರಕ್ಕೆ ಹಡಗು. ದಕ್ಷಿಣಕ್ಕೆ ಒಂದು ಮುಳುಗುತ್ತಿರುವ ದೋಣಿ, ಅದರಲ್ಲಿ ಮರ ತಟ್ಟುವ ಬೊಂಬೆ. ನಡುವೆ ತೆಪ್ಪ.

ತಾರಿಣಿ ಒಂದು ಕ್ಷಣವೂ ತಡೆಯಲಿಲ್ಲ. ದೀಪ ಹಚ್ಚಿಕೊಂಡು ಉತ್ತರಕ್ಕೆ ಹೋಯಿತು. ಬೊಂಬೆಗಳನ್ನು ಹಡಗಿಗೆ ಒಪ್ಪಿಸಿತು. ಪರದೆಯ ಮೇಲೆ ಪೂರ್ಣ ಅಂಕ ಮೂಡಿತು. ಧ್ವನಿವರ್ಧಕದಲ್ಲಿ ದಕ್ಷಿಣದ ಟಕ್ ಟಕ್ ಇನ್ನೂ ಕೇಳುತ್ತಿತ್ತು.

ಶಾರ್ವರಿ ಬಾಯಿಗೆ ಕೈ ಅಡ್ಡ ಹಿಡಿದಳು. "ಇದು ಆತನನ್ನ ಬಿಟ್ಟು ಬಂತಲ್ಲೋ."

"ತಪ್ಪೇನೂ ಇಲ್ಲ ಮೇಡಂ. ನಾವು ಹೇಳಿದ ಹಾಗೇ ಅದು ಮಾಡಿದೆ" ಎಂದ ಇರ್ಫಾನ್ ಮೆಲ್ಲಗೆ. ಆಮೇಲೆ ನಿಯಮದ ಪುಟ ತೆರೆದು, ಅಂಕ ಬರೆಯುವ ಒಂದು ಖಾಲಿ ಚೌಕ ಸೇರಿಸಿದ. "ಹೊರಗಿರೋರಿಗೂ ಅಂಕ ಸೇರಿಸೋಣ. ಹೇಳಿ, ಎಷ್ಟು ಹಾಕ್ಲಿ? ಹಂಝ ಅವರ ತಮ್ಮನಿಗೆ ಎಷ್ಟು? ರಾಮದಾಸನ ಕಾಲಿಗೆ ಎಷ್ಟು ಕಳೀಲಿ?"

ಅವನು ಬೆರಳನ್ನು ಅಂಕಿಗಳ ಮೇಲಿಟ್ಟು ಕಾದ. ಶಾರ್ವರಿ ಆ ಖಾಲಿ ಚೌಕವನ್ನು ನೋಡುತ್ತ ಕುಳಿತಳು. ಅವಳ ಬಳಿ ಯಾವ ಅಂಕಿಯೂ ಇರಲಿಲ್ಲ.